ತಲೆ ಬಗ್ಗಿಸಿದ ಮಾತ್ರಕ್ಕೆ ಬೆನ್ನು ಏಳುವುದಿಲ್ಲ

ಕುದುರೆ ಸಾಕುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಇವನು ತಲೆ ಎತ್ತಿಕೊಂಡೇ ಓಡ್ತಾನೆ. ಬೆನ್ನು ತಗ್ಗಿ ಹೋಗಿದೆ. ಲಂಜಿಂಗ್ ಮಾಡುವಾಗ ಏನು ಕಟ್ಟಲಿ? ಸೈಡ್ ರೇನ್ಸ್ ತಗೊಳ್ಳಲಾ, ಪೆಸೋವಾ ತಗೊಳ್ಳಲಾ?’ ಲಂಜಿಂಗ್ ಅಂದರೆ ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುವುದು. ಸೈಡ್ ರೇನ್ಸ್ ಅಂದರೆ ಕಡಿವಾಣದಿಂದ ಪಕ್ಕೆಗೆ ಕಟ್ಟುವ ಪಟ್ಟಿ, ಪೆಸೋವಾ ಅಂದರೆ ಹಗ್ಗ, ರಾಟೆಗಳ ಸಾಧನ. ಹೀಗೆ ಕೇಳುವ ಹೊತ್ತಿಗೆ ಅರ್ಧ ಜನ ಆನ್‌ಲೈನ್‌ನಲ್ಲಿ ಸಾಮಾನು ತರಿಸಿಯೂ ಆಗಿರುತ್ತದೆ. ಕುದುರೆಗಳ ಬೆನ್ನು, ಸ್ನಾಯು, ನಡಿಗೆ ನೋಡುವುದು ನನ್ನ ಕೆಲಸ. ಕುದುರೆಗೆ ಒಳ್ಳೆಯದಾಗಲಿ ಅಂತಲೇ ಇವರೆಲ್ಲ ದುಡ್ಡು ಹಾಕುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಸಾಮಾನು ಏನು ಮಾಡಬೇಕು ಅಂತ ಅವರು ಅಂದುಕೊಂಡಿದ್ದಾರೋ, ಅಲ್ಲೇ ತಪ್ಪಿದೆ.

ತಲೆ ಕೆಳಗೆ ಬಂದರೆ ಭಂಗಿ ಸರಿಹೋಯಿತು ಅಂತ ಅವರ ಲೆಕ್ಕ. ಖಂಡಿತ ಅಲ್ಲ.

ನಮ್ಮ ಕಡೆ ಸವಾರಿಗೆ ಬರುವ ಕುದುರೆಗಳಲ್ಲಿ ಬಹಳಷ್ಟು ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು, ಅಂದರೆ ಓಟದ ತಳಿಯ ಕುದುರೆಗಳು. ಎರಡು ವರ್ಷದ ಮರಿಯಾಗಿದ್ದಾಗಿನಿಂದ ಅವಕ್ಕೆ ವೇಗವಾಗಿ ಓಡುವುದನ್ನು ಕಲಿಸಿದ್ದಾರೆ. ಬೆನ್ನು ಎತ್ತಿ, ನಿಧಾನವಾಗಿ, ದುಂಡಗೆ ಸುತ್ತು ಹಾಕು ಅಂತ ಯಾರೂ ಕಲಿಸಿಲ್ಲ. ಕತ್ತಿನ ಕೆಳಭಾಗದ ಸ್ನಾಯು ಉಬ್ಬಿರುತ್ತದೆ, ಜೀನಿನ ಹಿಂದೆ ಬೆನ್ನುಮೂಳೆಯ ಎರಡೂ ಬದಿ ಗುಳಿ ಬಿದ್ದಿರುತ್ತದೆ. ಇದು ತಿಂಗಳುಗಟ್ಟಲೆ ಕೂತು ಬದಲಾಯಿಸಬೇಕಾದ ದೇಹ. ಬಕಲ್‌ನಲ್ಲಿ ಇನ್ನೆರಡು ತೂತು ಬಿಗಿ ಮಾಡಿದರೆ ಬದಲಾಗುವುದಿಲ್ಲ.

ಹೇಳಬೇಕಾದ ಮುಖ್ಯ ವಿಷಯ ಇಷ್ಟು. ಮನುಷ್ಯರಿಗಿರುವಂಥ, ಹೆಗಲನ್ನು ಎದೆಗೆ ಜೋಡಿಸುವ ಮೂಳೆ, ಅಂದರೆ ಕಾಲರ್ ಬೋನ್ ಕುದುರೆಗೆ ಇಲ್ಲ. ಮುಂಗಾಲುಗಳ ನಡುವೆ ಅದರ ಎದೆಗೂಡು ಬರೀ ಸ್ನಾಯುಗಳ ಮೇಲೆ ತೂಗುಬಿದ್ದಿದೆ. ಸುಮ್ನೆ ನಿಂತಾಗಲೇ ಮೈತೂಕದ ನೂರಕ್ಕೆ ಸುಮಾರು 60 ಭಾಗ ಮುಂಗಾಲ ಮೇಲಿರುತ್ತದೆ. ತಲೆಯ ಹಿಂಭಾಗದಿಂದ ಹೊರಟ ಒಂದು ದಪ್ಪ ಪಟ್ಟಿ, ಜೀನಿನ ಮುಂದಿರುವ ಹೆಗಲ ಉಬ್ಬಿಗೆ, ಅಂದರೆ ವಿದರ್ಸ್‌ಗೆ ಅಂಟಿಕೊಂಡು, ಅಲ್ಲಿಂದ ಬೆನ್ನುದ್ದಕ್ಕೂ ಹೋಗುತ್ತದೆ. ಕುದುರೆ ತಾನಾಗಿಯೇ ಕತ್ತನ್ನು ಮುಂದಕ್ಕೆ ಚಾಚಿ ಕೆಳಗಿಳಿಸಿದಾಗ ಆ ಪಟ್ಟಿ ಹೆಗಲ ಉಬ್ಬಿನಲ್ಲಿರುವ ಬೆನ್ನುಮೂಳೆಯ ಮುಳ್ಳುಗಳನ್ನು ಮುಂದಕ್ಕೆ ಎಳೆಯುತ್ತದೆ, ಬೆನ್ನು ಸ್ವಲ್ಪ ಏಳುತ್ತದೆ. ‘ಮುಂದಕ್ಕೆ ಚಾಚಿ’ ಅನ್ನುವುದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬಾಯಿಯನ್ನು ಎದೆಯ ಕಡೆಗೆ ಎಳೆದು ಕಟ್ಟಿದರೆ ಕತ್ತು ಚಾಚುವುದಿಲ್ಲ, ಮಡಚಿಕೊಳ್ಳುತ್ತದೆ. ನೋಡುವವರಿಗೆ ತಲೆ ಬಗ್ಗಿದೆ, ಚೆಂದ ಕಾಣುತ್ತದೆ. ಬೆನ್ನು ಮಾತ್ರ ತಗ್ಗಿದ್ದಲ್ಲೇ ಇದೆ, ಕೆಲವೊಮ್ಮೆ ಇನ್ನೂ ಬಿಗಿದುಕೊಂಡಿರುತ್ತದೆ.

ಕತ್ತು ಸರಿಯಾಗಿ ಚಾಚಿದರೂ ಅರ್ಧ ಕೆಲಸ ಮಾತ್ರ ಆಯಿತು. ಬೆನ್ನನ್ನು ಎತ್ತಿ ಹಿಡಿಯುವುದು ಹೊಟ್ಟೆಯ ಸ್ನಾಯು, ಸೊಂಟ, ಮುಂದಕ್ಕೆ ಬಂದು ಹೊಟ್ಟೆಯಡಿ ಊರುವ ಹಿಂಗಾಲು. ಮೊಬೈಲ್ ನೋಡಿ ನೋಡಿ ಗೂನು ಬಿದ್ದ ಹುಡುಗನ ಗಲ್ಲಕ್ಕೆ ದಾರ ಕಟ್ಟಿ ಎದೆಗೆ ಎಳೆದರೆ ಅವನ ಬೆನ್ನು ನೆಟ್ಟಗಾಗುತ್ತಾ? ಕುದುರೆಗೂ ಆಗುವುದಿಲ್ಲ.

ಹೀಗೆ ಹೇಳಿದಾಗ ಎಲ್ಲರೂ ‘ಹೌದು ಡಾಕ್ಟ್ರೇ’ ಅಂತಾರೆ. ಮುಂದಿನ ವಾರ ಹೋಗಿ ನೋಡಿದರೆ ಅದೇ ಬಿಗಿ. ಕನಕಪುರ ರಸ್ತೆ ಕಡೆ ಒಂದು ಲಾಯದಲ್ಲಿ ಒಳ್ಳೆಯ ಕಂದು ಹೆಣ್ಣುಕುದುರೆಯೊಂದಿತ್ತು. ಸೈಡ್ ರೇನ್ಸ್ ಕಟ್ಟಿ ಲಂಜಿಂಗ್ ನಡೆದಿತ್ತು. ಮೂಗು ಎದೆಯ ಕಡೆ ಮಡಚಿದೆ, ಬಾಯಿ ತೆರೆದಿದೆ, ಬಾಲ ಚಾಟಿ ಬೀಸಿದ ಹಾಗೆ ಆಡುತ್ತಿದೆ. ಒಡತಿಗೆ ಖುಷಿಯೋ ಖುಷಿ, ‘ನೋಡಿ, ಎಷ್ಟು ಚೆನ್ನಾಗಿ ಬಗ್ಗಿದ್ದಾಳೆ.’ ನಾನು ಮಾತಾಡದೆ ಮೈದಾನದ ಮರಳಿನ ಹತ್ತಿರ ಕೂತೆ. ಅಲ್ಲಿನ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ವಯಸ್ಸಾದವರು, ಜೀವಮಾನವೆಲ್ಲ ಕುದುರೆಗಳ ಜೊತೆ ಕಳೆದವರು. ಅವರು ಆಗಲೇ ಮರಳು ಬಾಚಿ ಸಮ ಮಾಡಿದ್ದರು. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಜೋರಾದ ಸಣ್ಣ ಓಟದಲ್ಲಿ, ಒಂದು ಸುತ್ತು ಓಡಿಸಿದ ಮೇಲೆ ಗೊರಸಿನ ಗುರುತು ನೋಡಿದೆವು. ಹಿಂಗಾಲಿನ ಗುರುತು ಮುಂಗಾಲಿನ ಗುರುತಿಗಿಂತ ಒಂದು ಗೇಣು ಹಿಂದೆ ಬಿದ್ದಿತ್ತು. ರೇನ್ಸ್ ಬಿಚ್ಚಿ ಮತ್ತೆ ಓಡಿಸಿದರೆ ಅದೇ ಕುದುರೆಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬಿತ್ತು. ಸೈಸ್, ‘ನಾನು ಇದನ್ನೇ ಹೇಳ್ತಿದ್ದೆ ಸಾರ್, ಬಿಚ್ಚಿದರೆ ಚೆನ್ನಾಗಿ ನಡೀತಾಳೆ’ ಅಂದರು. ಲಾಯಕ್ಕೆ ಹೋದಾಗ ನಾನು ಮೊದಲು ಮಾತಾಡಿಸುವುದು ಸೈಸ್‌ಗಳನ್ನೇ. ದಿನವಿಡೀ ಕುದುರೆ ಜೊತೆ ಇರುವವರು ಅವರು. ಆದರೆ ಅವರನ್ನು ಯಾರೂ ಕೇಳುವುದಿಲ್ಲ.

ಮರಳಿನ ಈ ಪರೀಕ್ಷೆ ಎಲ್ಲರೂ ಮಾಡಬಹುದು. ಒಂದು ಎಚ್ಚರಿಕೆ: ಗಾಬರಿಯಿಂದ ಓಡುವ ಕುದುರೆಯ ಹಿಂಗಾಲೂ ದೂರ ಮುಂದಕ್ಕೆ ಬೀಳಬಹುದು, ಬೆನ್ನು ತಗ್ಗಿದ್ದರೂ. ಹಾಗಾಗಿ ಗುರುತಿನ ಜೊತೆ ತಾಳವನ್ನೂ ಉಸಿರನ್ನೂ ಗಮನಿಸಿ. ಒಂದೇ ಲಯದಲ್ಲಿ ಹೆಜ್ಜೆ ಬೀಳುತ್ತಿದ್ದು, ಕುದುರೆ ಮೂಗಿನಿಂದ ಪುರ್ರ್ ಅಂತ ಉಸಿರು ಬಿಟ್ಟರೆ ದಾರಿ ಸರಿಯಿದೆ.

ಈಗ ಸಾಮಾನಿನ ವಿಷಯ. ಸೈಡ್ ರೇನ್ಸ್ ಕೆಟ್ಟದ್ದಲ್ಲ. ಅದರ ಉದ್ದ ಬದಲಾಗುವುದಿಲ್ಲ, ಅದನ್ನು ನೆನಪಿಡಬೇಕು ಅಷ್ಟೆ. ಟ್ರಾಟ್‌ನಲ್ಲಿ ಕುದುರೆಯ ತಲೆ ಹೆಚ್ಚು ಅಲ್ಲಾಡುವುದಿಲ್ಲ, ಅಲ್ಲಿ ಹೊಂದುತ್ತದೆ. ವಾಕ್‌ನಲ್ಲಿ, ಅಂದರೆ ನಡೆಯುವಾಗ, ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಆಡಬೇಕು, ಆಗ ಕಟ್ಟಿದ್ದರೆ ಪ್ರತಿ ಹೆಜ್ಜೆಗೂ ಬಾಯಿಗೆ ಏಟು. ಅದಕ್ಕೇ ವಾರ್ಮ್‌ಅಪ್ ಆಗುವ ತನಕ ಕಟ್ಟಬೇಡಿ, ಮುಗಿದ ಕೂಡಲೇ ಬಿಚ್ಚಿ. ಕುದುರೆಯ ಮೂಗು ಹಣೆಗಿಂತ ಮುಂದೆ ಇರುವಷ್ಟು ಉದ್ದ ಬಿಡಿ. ಅನುಮಾನ ಬಂದರೆ ಇನ್ನೂ ಉದ್ದ ಬಿಡಿ. ನನ್ನ ಕೈಗೆ ಕೊಟ್ಟರೆ ಇದಕ್ಕಿಂತ ವಿಯೆನ್ನಾ ರೇನ್ಸ್ ಆರಿಸುತ್ತೇನೆ. ಅದು ಎದೆಯ ಕೆಳಗಿನಿಂದ ಕಡಿವಾಣದ ಬಳೆಯೊಳಗೆ ಜಾರಿ ಪಕ್ಕೆಗೆ ಹೋಗುತ್ತದೆ, ಕುದುರೆ ತಲೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಲು ಜಾಗ ಕೊಡುತ್ತದೆ.

ತಲೆಯನ್ನು ಆಕಾಶಕ್ಕೆ ಎತ್ತುವ ಕುದುರೆಗೆ ಶಾಂಬೋನ್ ಅನ್ನುವ ಪಟ್ಟಿ ಕೆಲವೊಮ್ಮೆ ಒಳ್ಳೆಯದು. ತಲೆ ಮೇಲೆ ಹೋದಾಗ ಮಾತ್ರ ನೆತ್ತಿಯ ಮೇಲೆ ಒತ್ತುತ್ತದೆ, ಇಳಿಸಿದರೆ ಸಡಿಲ. ಮೂಗು ಮುಂದಕ್ಕೆ ಹೋಗುವುದನ್ನು ತಡೆಯುವುದಿಲ್ಲ. ಆದರೆ ಸೋಮಾರಿಯಾಗಿ ಸುತ್ತು ಹಾಕುವ ಕುದುರೆಗೆ ಕಟ್ಟಿದರೆ ಅದು ಮುಂಗಾಲ ಮೇಲೇ ಭಾರ ಹಾಕಿ ತೂಗಾಡುತ್ತದೆ. ಶಾಂಬೋನ್ ಹಾಕಿಕೊಂಡು ಸವಾರಿ ಮಾಡಲೇಬಾರದು.

ಪೆಸೋವಾ ಬಗ್ಗೆ ನನಗೆ ಅಳುಕಿದೆ. ಬ್ರೆಜಿಲ್‌ನ ಜಂಪಿಂಗ್ ಸವಾರ ನೆಲ್ಸನ್ ಪೆಸೋವಾ ಅವರ ಹೆಸರಿನ ಈ ಸಾಧನದಲ್ಲಿ ಹಿಂಭಾಗದ ಸುತ್ತ ಹಗ್ಗ ಹೋಗಿ, ರಾಟೆಗಳ ಮೂಲಕ ಬಾಯಿಗೆ ಸೇರುತ್ತದೆ. ಹಿಂಗಾಲು ಹೆಜ್ಜೆ ಹಾಕಿದಾಗೆಲ್ಲ ಬಾಯಿಗೆ ಎಳೆತ ತಟ್ಟಬಹುದು. ನುರಿತ ಕೈಯಲ್ಲಿ, ಸಡಿಲವಾಗಿ, ಅಭ್ಯಾಸವಾದ ಕುದುರೆಗೆ ಸರಿ. ತೊಡೆಯ ಹಿಂದೆ ಹಗ್ಗ ಮುಟ್ಟಿದರೆ ಒದೆಯುವ, ರೇಸ್‌ನಿಂದ ಈಗಷ್ಟೇ ಬಂದ ಕುದುರೆಗೆ ಮೊದಲ ದಿನವೇ ಕಟ್ಟಬೇಡಿ. ಇದರಿಂದ ಜನಕ್ಕೂ ಕುದುರೆಗೂ ಪೆಟ್ಟಾಗುತ್ತದೆ.

ಬಾಯಿಯನ್ನು ಮುಟ್ಟದ ಸಾಧನವೂ ಇದೆ. ತೊಡೆಯ ಹಿಂದೆ ಒಂದು, ಹೊಟ್ಟೆಯಡಿ ಒಂದು ರಬ್ಬರ್ ಪಟ್ಟಿ ಹಾಕುವ ಈಕ್ವಿಬ್ಯಾಂಡ್. ಇಂಥ ಪಟ್ಟಿಗಳ ಬಗ್ಗೆ ಬ್ರಿಟನ್‌ನಲ್ಲಿ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಾಲ್ಕು ವಾರ ಬಳಸಿದ ಮೇಲೆ ಟ್ರಾಟ್‌ನಲ್ಲಿ ಬೆನ್ನಿನ ಅಕ್ಕಪಕ್ಕದ ಓಲಾಟ ಕಡಿಮೆಯಾಗಿತ್ತು. ನೋಡಿದ್ದು ಏಳು ಕುದುರೆಗಳನ್ನು ಮಾತ್ರ, ಹಾಗಾಗಿ ದೊಡ್ಡ ಮಾತು ಆಡಲಾರೆ. ಆದರೂ ತಲೆಗೆ ಏನೂ ಕಟ್ಟದೆ ಹೊಟ್ಟೆ, ಸೊಂಟವನ್ನು ಎಚ್ಚರಿಸುವ ದಾರಿ ಅಂತ ನನಗೆ ಇದು ಇಷ್ಟ.

ಇನ್ನು ದುಡ್ಡೇ ಬೇಡದ ದಾರಿ. ಕಟ್ಟಡ ಕೆಲಸಕ್ಕೆ ಬಳಸುವ ಸರ್ವೆ ಗಳಗಳು ಎಲ್ಲ ಕಡೆ ಸಿಗುತ್ತವೆ ಅಲ್ವಾ? ಸಿಪ್ಪೆ ತೆಗೆದು ನೆಲದ ಮೇಲೆ ಮೂರು ಗಳ ಇಡಿ, ಟ್ರಾಟ್‌ಗೆ ಸುಮಾರು 1.2ರಿಂದ 1.3 ಮೀಟರ್ ಅಂತರ. ಕಾಲಿಟ್ಟರೆ ಉರುಳದ ಹಾಗೆ ಎರಡೂ ಕಡೆ ಮಣ್ಣು ಒತ್ತಿ. ಕುದುರೆ ತಾನೇ ಕತ್ತು ಚಾಚಿ ಕೆಳಗೆ ನೋಡುತ್ತದೆ, ತಾನೇ ಕಾಲೆತ್ತುತ್ತದೆ. ಜೊತೆಗೆ ಕ್ಯಾರೆಟ್ ವ್ಯಾಯಾಮ. ಕ್ಯಾರೆಟ್ ತೋರಿಸಿ ಮೂತಿಯನ್ನು ಎದೆಗೆ, ಮುಂಗಾಲ ನಡುವೆ, ಎರಡೂ ಪಕ್ಕೆಗೆ ತರಿಸುವುದು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಐದು ದಿನ, ಮೂರು ತಿಂಗಳು ಇದನ್ನು ಮಾಡಿಸಿದ ಕುದುರೆಗಳಲ್ಲಿ ಬೆನ್ನುಮೂಳೆಯ ಪಕ್ಕದ ಒಳಸ್ನಾಯು ದಪ್ಪವಾಗಿತ್ತು. ಲಾಯದೊಳಗೆ ನಿಂತಲ್ಲೇ ಮಾಡುವ ಕೆಲಸ ಇದು. ಎದೆಗೆ ಮೂತಿ ತರುವುದು ಇಲ್ಲಿ ಸರಿ, ಅಲ್ಲಿ ತಪ್ಪು ಯಾಕೆ ಅಂತ ಕೇಳಬಹುದು. ಇಲ್ಲಿ ಕುದುರೆ ತನ್ನ ಸ್ನಾಯುವಿನಿಂದಲೇ ಮೂತಿ ತರುತ್ತದೆ, ಕೆಲವು ಕ್ಷಣ ಹಿಡಿದು ಬಿಡುತ್ತದೆ. ಅಲ್ಲಿ ಪಟ್ಟಿ ಎಳೆದು ಹಿಡಿದಿರುತ್ತದೆ, ಬಿಡುವೇ ಇಲ್ಲ.

ಏನೇ ಕಟ್ಟಿದರೂ ಸುತ್ತು ದೊಡ್ಡದಿರಲಿ, ಅಡ್ಡಳತೆ ಸುಮಾರು 20 ಮೀಟರ್. ಸಣ್ಣ ಸುತ್ತಿನಲ್ಲಿ ಕೀಲಿನ ಮೇಲೆ ಒತ್ತಡ ಹೆಚ್ಚುತ್ತದೆ, ಕುದುರೆ ಒಳಗೆ ವಾಲುತ್ತದೆ. ಎಡ ಬಲ ಎರಡೂ ಸೇರಿ ಹದಿನೈದು ಇಪ್ಪತ್ತು ನಿಮಿಷ ಸಾಕು, ಹೊಸದಾಗಿ ಕಟ್ಟಿದ ದಿನ ಐದೇ ನಿಮಿಷ.

ಇದೆಲ್ಲಕ್ಕೂ ಮೊದಲು ವೈದ್ಯರಿಗೆ ಬೆನ್ನು, ಹಲ್ಲು, ಗೊರಸು ತೋರಿಸಿ. ಜೀನು ಹೊಂದುತ್ತದಾ ನೋಡಿ. ಥರೋಬ್ರೆಡ್‌ಗಳಲ್ಲಿ ಬೆನ್ನುಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುವುದು ಅಪರೂಪವೇನಲ್ಲ. ರೇಸ್ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣಂತೂ ತುಂಬಾ ಸಾಮಾನ್ಯ. ನೋವಿಗೆ ತಲೆ ಎತ್ತುವ ಕುದುರೆಯನ್ನು ಕಟ್ಟಿ ಬಗ್ಗಿಸುವುದು ಹಿಂಸೆ, ಬೇರೆ ಹೆಸರಿಲ್ಲ. ಇಲ್ಲಿ ಬರೆದದ್ದನ್ನೂ ನಿಮ್ಮ ಕುದುರೆ ನೋಡಿದವರ ಸಲಹೆಯ ಜೊತೆಗಿಟ್ಟೇ ಬಳಸಿ.

ಆಮೇಲೆ ವಿಡಿಯೋ. ನನಗೆ ಬರುವ ವಿಡಿಯೋಗಳಲ್ಲಿ ಕ್ಯಾಮೆರಾ ತಲೆಯನ್ನೇ ಹಿಂಬಾಲಿಸುತ್ತಿರುತ್ತದೆ, ಹಿಂಗಾಲು ಕಾಣುವುದೇ ಇಲ್ಲ. ಬದಿಯಿಂದ ತೆಗೆಯಿರಿ. ಮೂಗಿನಿಂದ ಬಾಲದವರೆಗೆ, ನಾಲ್ಕು ಗೊರಸೂ ನೆಲ ಮುಟ್ಟುವುದು ಕಾಣಲಿ. ಎರಡೂ ದಿಕ್ಕಿನಲ್ಲಿ ಎರಡೆರಡು ಸುತ್ತು, ಮೊದಲು ಏನೂ ಕಟ್ಟದೆ, ಆಮೇಲೆ ಕಟ್ಟಿ. ಕಟ್ಟದೇ ತೆಗೆದದ್ದನ್ನು ಮೊದಲು ಕಳಿಸಿ.