ರಾಯಚೂರಿನ ಬಿಸಿಲಲ್ಲಿ ಅಳೆದು ಕುಡಿಯುವ ನೀರು

ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಗೆ ಯಾರೇ ಬರಲಿ, ಮೊದಲು ತಂಬಿಗೆ ನೀರು ಕೊಡುವ ಊರಿದು. ಇಂಥ ಊರಲ್ಲಿ ಕಿಡ್ನಿ ಕೆಟ್ಟು ಡಯಾಲಿಸಿಸ್ (ಯಂತ್ರದಿಂದ ರಕ್ತ ಸೋಸುವುದು) ಮಾಡಿಸಿಕೊಳ್ಳುವವರು ಒಂದು ಬಾಟಲಿ ನೀರಲ್ಲೇ ದಿನವಿಡೀ ದೂಡಬೇಕು. ನಿನ್ನೆ ಎಷ್ಟು ಮೂತ್ರ ಹೋಯಿತೋ ಅಷ್ಟು, ಜೊತೆಗೆ ಅರ್ಧ ಲೀಟರ್. ಸಾಮಾನ್ಯವಾಗಿ ಲೆಕ್ಕ ಇಷ್ಟೇ. ಚಹಾ, ಮಜ್ಜಿಗೆ, ಸಾರು ಎಲ್ಲಾ ಇದರೊಳಗೇ ಬಂತು.

ಒಳ್ಳೆಯ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಅವು ಕೈಕೊಟ್ಟರೆ ಕುಡಿದ ನೀರು ಮೊದಲು ಕಾಲಲ್ಲಿ, ಆಮೇಲೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ.

ನನ್ನ ಕೇಳಿದರೆ, ನೀರಿಗಿಂತ ಮೊದಲು ಉಪ್ಪನ್ನು ಬಿಗಿ ಹಿಡಿಯಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಜೋಳದ ರೊಟ್ಟಿ ಪಾಪ ಏನೂ ಮಾಡಿಲ್ಲ, ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳದ್ದೇ ಕಿತಾಪತಿ. ಇನ್ನು ಎಳನೀರು. ಕಾಯಿಲೆಯವರನ್ನು ನೋಡಲು ಬರುವ ನಂಟರು ಪ್ರೀತಿಯಿಂದ ಅದನ್ನೇ ತರುತ್ತಾರೆ, ಅಲ್ವಾ? ಅದರಲ್ಲಿರುವ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು.

ರೋಗಿಗೆ ಗುಟುಕು ಲೆಕ್ಕ, ಯಂತ್ರಕ್ಕೆ ಮಾತ್ರ ಕೊಡಗಟ್ಟಲೆ! ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ತೆಳು ಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಈ ನೀರಿನಿಂದ ಮಾಡಿದ ದ್ರಾವಣ. ರಕ್ತದ ಕಸ ಆ ಕಡೆ ಇಳಿಯುತ್ತದೆ. ನೀರಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದೂ ಈ ಕಡೆ ಬರುತ್ತದೆ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಡಯಾಲಿಸಿಸ್ ಕೋಣೆಯ ಹಿಂದಿರುವ, ನೀರು ಶುದ್ಧ ಮಾಡುವ ಆರ್‌ಓ ಘಟಕ ಯಂತ್ರದಷ್ಟೇ ಮುಖ್ಯ. ವಾರಕ್ಕೆ ಮೂರು ಸಲ ಇದೇ ಓಡಾಟ. ಹಳ್ಳಿಯವರಿಗೆ ಬಸ್ಸಿನ ಹೊತ್ತೂ ಸೇರಿದರೆ ಕೂಲಿ ಹೋದಂತೆಯೇ. ಸೂಜಿ ಚುಚ್ಚಲು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಹೊರಬಾರದು.

ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಇದೆ. ಹೊಟ್ಟೆಗೆ ಹಾಕಿದ ನಳಿಗೆಯಿಂದ ಎರಡು ಲೀಟರಿನಷ್ಟು ದ್ರಾವಣ ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ತೆಗೆಯುವುದು, ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ. ಸೋಸುವ ಕೆಲಸ ಹೊಟ್ಟೆಯೊಳಗಿನ ಪೊರೆಯದ್ದು. ದಿನಾ ನಡೆಯುವುದರಿಂದ ಊಟ, ನೀರಿನ ಬಿಗಿ ಸ್ವಲ್ಪ ಸಡಿಲ. ಆದರೆ ಕೈ ತೊಳೆಯದೆ ಮುಟ್ಟಿದರೆ ಸೋಂಕು ಗ್ಯಾರಂಟಿ ಅಂದುಕೊಳ್ಳಿ. ದೂರದ ಹಳ್ಳಿಯವರು ವೈದ್ಯರ ಹತ್ತಿರ ಇದನ್ನು ಒಮ್ಮೆ ಕೇಳಲೇಬೇಕು.

ತೀರಾ ವಯಸ್ಸಾದವರು, ಬೇರೆ ಕಾಯಿಲೆಯಿಂದಲೂ ಬಳಲಿದವರು ಡಯಾಲಿಸಿಸ್ ಬೇಡವೆಂದು ಔಷಧಿಯಲ್ಲೇ ನೋವು, ಉಬ್ಬಸ ತಗ್ಗಿಸಿಕೊಂಡು ಇರುವುದೂ ಒಂದು ಆಯ್ಕೆ.

ಇನ್ನು ಬೇರೆಯವರ ಕಿಡ್ನಿ ಜೋಡಿಸುವ ಕಸಿ. 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಬಾರಿ ಗೆದ್ದ ಚಿಕಿತ್ಸೆ ಇದು. ಕಿಡ್ನಿ ಕೊಡುವ ನಂಟರಿಲ್ಲದವರು ಸತ್ತವರು ದಾನ ಕೊಟ್ಟ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಹಚ್ಚಿ ಕಾಯಬೇಕು. ಮಾತ್ರೆ ಕಸಿಯಾದ ಮೇಲೂ ತಪ್ಪದು. ಆದರೆ ಹೊಸ ಕಿಡ್ನಿ ಚೆನ್ನಾಗಿ ನಡೆಯತೊಡಗಿದರೆ ವೈದ್ಯರ ಮಾತು ಪೂರಾ ಉಲ್ಟಾ: ನೀರು ಚೆನ್ನಾಗಿ ಕುಡಿಯಿರಿ. ವರ್ಷಗಟ್ಟಲೆ ಗುಟುಕು ಎಣಿಸಿದವರಿಗೆ ತುಂಬಿದ ತಂಬಿಗೆ ಎತ್ತಲು ಮೊದಮೊದಲು ಕೈ ಬಾರದಿದ್ದರೆ ಆಶ್ಚರ್ಯವಿಲ್ಲ.