ಸಿಐಡಿಯ ದಯಾ ನಮ್ಮ ಊರಿನವರಾ?

ಪ್ರಶ್ನೆ: ಸಿಐಡಿ ಸೀರಿಯಲ್‌ನಲ್ಲಿ ಬಾಗಿಲು ಒಡೆಯುವ ದಯಾ ನಮ್ಮ ತುಳುನಾಡಿನವರು ಅಂತ ಮನೆಯಲ್ಲಿ ದೊಡ್ಡವರು ಹೇಳ್ತಾರೆ. ಹೌದಾ? ಹೌದಾದರೆ ಅವರು ಅಲ್ಲಿಗೆ ಹೋಗಿ ಸೇರಿದ್ದು ಹೇಗೆ?

ಉತ್ತರ: ಹೌದು, ದೊಡ್ಡವರು ಹೇಳಿದ್ದು ಸರಿ. ದಯಾ ಪಾತ್ರ ಮಾಡಿದವರು ದಯಾನಂದ ಶೆಟ್ಟಿ. ಮನೆಮಾತು ತುಳು, ಮೂಲ ನಮ್ಮ ಕರಾವಳಿ. ಮಂಗಳೂರು, ಉಡುಪಿ ಕಡೆಯ ಓದುಗರು ಟಿವಿ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೊಬ್ಬರು ಈ ಮಾತು ಎತ್ತುತ್ತಾರೆ.

ಆದರೆ ಹೌದು ಅಂತ ಹೇಳಿ ಸುಮ್ಮನಾದರೆ ಉತ್ತರ ಅರ್ಧವೇ ಆಗುತ್ತದೆ. ಅವರನ್ನು ಸಿಐಡಿಗೆ ಕರೆದೊಯ್ದದ್ದು ಆ ದೊಡ್ಡ ಮೈಕಟ್ಟು ಅಂತ ಜಾಸ್ತಿ ಜನ ನಂಬಿದ್ದಾರೆ. ನಿಜವಾಗಿ ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ಒಂದು ತುಳು ನಾಟಕ.

ದಯಾನಂದ ಶೆಟ್ಟಿ ಮೊದಲು ಕ್ರೀಡಾಪಟು. ಗುಂಡು ಎಸೆತ, ಡಿಸ್ಕಸ್ ಎಸೆತ ಅವರ ಆಟಗಳು. ಡಿಸ್ಕಸ್‌ನಲ್ಲಿ ಮಹಾರಾಷ್ಟ್ರದ ಚಾಂಪಿಯನ್ ಆಗಿದ್ದವರು. ಕಾಲಿಗೆ ಪೆಟ್ಟಾಯಿತು, ಆಟ ನಿಂತಿತು. ಆಮೇಲೆ ಅವರು ಹೋದದ್ದು ರಂಗಭೂಮಿಗೆ. ಮುಂಬೈಯಲ್ಲಿ 'ಸೀಕ್ರೆಟ್' ಎಂಬ ತುಳು ನಾಟಕದಲ್ಲಿ ಮಾಡಿದ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆ ನಾಟಕದ ನಂತರ ಸಿಐಡಿಯ ಆಡಿಷನ್‌ಗೆ ಬನ್ನಿ ಎಂಬ ಕರೆ ಬಂತು. ಹೋದರು, ಆಯ್ಕೆಯಾದರು. ಅದು 1998ರ ಮಾತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅಂತ ನನಗೆ ಅನಿಸುತ್ತದೆ. ಮುಂಬೈಯಲ್ಲಿ ತುಳು ನಾಟಕ ಇದ್ದದ್ದು ಹೇಗೆ? ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮ ಹಿಂದಿನ ತಲೆಮಾರಿನವರು ಅಲ್ಲಿ ಹೋಟೆಲ್ ಮಾತ್ರ ಕಟ್ಟಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ ಮುಂಬೈ 1927ರದ್ದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದರು. ಆ ಸಂಘಗಳ ವಾರ್ಷಿಕೋತ್ಸವಕ್ಕೆ ನಾಟಕ ಬೇಕಿತ್ತು, ಯಕ್ಷಗಾನ ಬೇಕಿತ್ತು. ಊರು ಬಿಟ್ಟು ಬಂದವರಿಗೆ ಊರಿನ ಮಾತು ಕೇಳುವ ಜಾಗ ಅದೇ. ಕೆಲಸ ಮುಗಿಸಿ ಬಂದು ತಾಲೀಮು ಮಾಡುತ್ತಿದ್ದವರು ಕಟ್ಟಿದ ರಂಗಭೂಮಿ ಅದು. ದೇಶದ ಮನೆಮನೆಗೂ ಗೊತ್ತಾದ ಒಬ್ಬ ನಟ ಅಲ್ಲಿಂದ ಬಂದದ್ದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ಅಷ್ಟು ವರ್ಷ ದುಡಿದ ರಂಗಭೂಮಿಯಿಂದ ಇಂಥ ನಟರು ಬರಲೇಬೇಕು.

ಇನ್ನೊಂದು ಸಂಗತಿ ನಮ್ಮವರಿಗೆ ಇಷ್ಟವಾಗಬಹುದು. ಸಿಐಡಿಯ ಮೊದಲ ಕಂತು ಸೋನಿ ಚಾನೆಲ್‌ನಲ್ಲಿ ಬಂದದ್ದು 1998ರ ಜನವರಿ 21ರಂದು. ಅದಾಗಿ ಐದೇ ದಿನಕ್ಕೆ, ಜನವರಿ 26ರಂದು, ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯಿತು. ಅಲ್ಲಿವರೆಗೆ ಬಸ್ಸಿನಲ್ಲಿ ಘಟ್ಟ ಸುತ್ತಿ ಮುಂಬೈ ಸೇರುತ್ತಿದ್ದ ಉಡುಪಿಯವರು ಇಂದ್ರಾಳಿ ಸ್ಟೇಷನ್‌ನಲ್ಲಿ ರೈಲು ಹತ್ತಲು ಶುರು ಮಾಡಿದರು. ಒಂದಕ್ಕೊಂದು ಸಂಬಂಧ ಇಲ್ಲ, ಸರಿ. ಆದರೂ ಎರಡೂ ಒಂದೇ ವಾರದಲ್ಲಿ ನಮ್ಮ ಬದುಕಿಗೆ ಬಂದವು.

ಕರಾವಳಿಯ ಕಿವಿ ನೆಟ್ಟಗಾಗುವ ಇನ್ನೂ ಒಂದು ಹೆಸರು ಆ ತಂಡದಲ್ಲಿ ಉಂಟು. ಅದನ್ನು ಬಹಳ ಜನ ಗಮನಿಸಿಲ್ಲ. ಸಿಐಡಿ ತಯಾರಿಸಿದ್ದು ಫೈರ್‌ವರ್ಕ್ಸ್ ಪ್ರೊಡಕ್ಷನ್ಸ್. ಅದರ ಹಿಂದೆ ಇದ್ದವರು ಇಬ್ಬರು: ಬಿ. ಪಿ. ಸಿಂಗ್ ಮತ್ತು ಪ್ರದೀಪ್ ಉಪ್ಪೂರ್. ಉಡುಪಿಯಿಂದ ಬ್ರಹ್ಮಾವರದ ಕಡೆ ಹೈವೇಯಲ್ಲಿ ಹೋದವರಿಗೆಲ್ಲ ಉಪ್ಪೂರು ಗೊತ್ತು. ಪ್ರದೀಪ್ ಉಪ್ಪೂರ್ ಸಿಐಡಿಗಿಂತ ಎಷ್ಟೋ ಮೊದಲೇ ದೊಡ್ಡ ಕೆಲಸ ಮಾಡಿದವರು. ಗೋವಿಂದ ನಿಹಲಾನಿ ನಿರ್ದೇಶಿಸಿದ, ಓಂ ಪುರಿ ಸಬ್ ಇನ್‌ಸ್ಪೆಕ್ಟರ್ ಆಗಿ ನಟಿಸಿದ 1983ರ 'ಅರ್ಧ್ ಸತ್ಯ' ಚಿತ್ರವನ್ನು ಮನಮೋಹನ ಶೆಟ್ಟಿ ಮತ್ತು ಪ್ರದೀಪ್ ಉಪ್ಪೂರ್ ಸೇರಿ ನಿರ್ಮಿಸಿದರು. ಮನಮೋಹನ ಶೆಟ್ಟಿ ಅಂದರೆ ಆಡ್‌ಲ್ಯಾಬ್ಸ್ ಎಂಬ ಫಿಲ್ಮ್ ಸಂಸ್ಕರಣಾ ಸಂಸ್ಥೆ ಕಟ್ಟಿದವರು. ಅವರೂ ನಮ್ಮ ಕರಾವಳಿ ಮೂಲದವರೇ. ಹಿಂದಿ ಚಿತ್ರರಂಗದಲ್ಲಿ ಪೊಲೀಸರನ್ನು ಅಷ್ಟು ಹತ್ತಿರದಿಂದ ತೋರಿಸಿದ ಚಿತ್ರಕ್ಕೆ ದುಡ್ಡು ಹಾಕಿದ ಮನುಷ್ಯ, ಹದಿನೈದು ವರ್ಷದ ಮೇಲೆ ಟಿವಿಯಲ್ಲಿ ಪೊಲೀಸರ ಕತೆಗೆ ಕೈ ಹಾಕಿದರು. ಪರದೆಯ ಹಿಂದೆ ದುಡಿದ ಪ್ರದೀಪ್ ಉಪ್ಪೂರ್ ಹೆಸರನ್ನು ನಾವು ಜೋರಾಗಿಯೇ ಹೇಳಬೇಕು. 2023ರ ಮಾರ್ಚ್‌ನಲ್ಲಿ ಅವರು ಸಿಂಗಾಪುರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈಗ ಬಿ. ಪಿ. ಸಿಂಗ್ ಬಗ್ಗೆ. ಸಿಐಡಿಯನ್ನು ಹುಟ್ಟಿಸಿದವರು ಇವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತದ್ದು ಛಾಯಾಗ್ರಹಣ. ಆಮೇಲೆ ದೂರದರ್ಶನದಲ್ಲಿ ಕ್ಯಾಮೆರಾಮನ್. ಸುದ್ದಿಗೆ ಕ್ಯಾಮೆರಾ ಹಿಡಿದವರಿಗೆ ಪೊಲೀಸರ ಓಡಾಟ ಹತ್ತಿರದಿಂದ ಕಾಣುತ್ತದೆ. ಮುಂಬೈ ಪೊಲೀಸರ ನಿಜವಾದ ಕೇಸ್‌ಗಳನ್ನು ಇಟ್ಟುಕೊಂಡು ಅವರು ಮೊದಲು ಮಾಡಿದ್ದು 'ಏಕ್ ಶೂನ್ಯ ಶೂನ್ಯ' ಎಂಬ ಮರಾಠಿ ಧಾರಾವಾಹಿ. ಪೊಲೀಸರನ್ನು ಕರೆಯುವ ನಂಬರ್ ನೂರು ಅಲ್ವಾ, ಅದೇ ಹೆಸರು. ಅದರಲ್ಲಿ ಪೊಲೀಸ್ ಅಧಿಕಾರಿಯಾಗಿ ನಟಿಸಿದವರು ಶಿವಾಜಿ ಸಾಟಮ್. ಅವರೇ ಮುಂದೆ ಎಸಿಪಿ ಪ್ರದ್ಯುಮ್ನ ಆದರು. ಅಂದರೆ ಸಿಐಡಿ ಒಂದು ದಿನ ಏಕಾಏಕಿ ಹುಟ್ಟಿದ ಕಾರ್ಯಕ್ರಮ ಅಲ್ಲ. ನಿರ್ದೇಶಕರಿಗೂ ಮುಖ್ಯ ನಟರಿಗೂ ಮೊದಲೇ ಒಟ್ಟಿಗೆ ದುಡಿದ ಅಭ್ಯಾಸ ಇತ್ತು.

ಸಿಂಗ್ ಅವರ ಕ್ಯಾಮೆರಾ ಪ್ರೀತಿ ಎಷ್ಟು ಅಂತ ಗೊತ್ತಾಗಬೇಕಾದರೆ 2004ರ 'ದಿ ಇನ್ಹೆರಿಟೆನ್ಸ್' ಕಂತನ್ನು ನೋಡಬೇಕು. 111 ನಿಮಿಷ, ಒಂದೇ ಶಾಟ್. ಒಂದೂ ಕಟ್ ಇಲ್ಲ. ಗಿನ್ನೆಸ್ ದಾಖಲೆಗೆ ಸೇರಿದ ಕಂತು ಅದು. ಇದು ಎಷ್ಟು ಕಷ್ಟ ಅಂತ ಸ್ವಲ್ಪ ಯೋಚಿಸಿ. ಮಾಮೂಲಿ ಶೂಟಿಂಗ್‌ನಲ್ಲಿ ನಟರು ಎರಡು ಸಾಲು ಹೇಳಿದರೆ ಕಟ್. ಮರೆತರೆ ಇನ್ನೊಂದು ಟೇಕ್. ಇಲ್ಲಿ ಹಾಗಿಲ್ಲ. ನೂರನೇ ನಿಮಿಷದಲ್ಲಿ ಯಾರೋ ಒಬ್ಬರು ತೊದಲಿದರೆ ಮೊದಲಿಂದ ಶುರು ಮಾಡಬೇಕು. ಕ್ಯಾಮೆರಾ ಕೋಣೆಯಿಂದ ಕೋಣೆಗೆ ಹೋಗುವಾಗ ಲೈಟ್ ಕಾಣಬಾರದು, ಮೈಕ್ ಕಾಣಬಾರದು, ಕೆಲಸದ ಹುಡುಗರು ಕಾಣಬಾರದು. ಪರದೆಯಲ್ಲಿ ಇಲ್ಲದ ನಟರು ಗೋಡೆಯ ಆಚೆ ತಮ್ಮ ಸರದಿಗೆ ರೆಡಿಯಾಗಿ ನಿಂತಿರಬೇಕು. ಸ್ಟಾರ್‌ಗಳನ್ನು ಹಾಕಿಕೊಂಡು ಇಂಥ ಕೆಲಸ ಸುಲಭವಲ್ಲ. ರಂಗದ ಮೇಲೆ ಎರಡು ಗಂಟೆ ತಡೆಯಿಲ್ಲದೆ ಆಡಿದವರಿಗೆ ಮಾತ್ರ ಆ ಧೈರ್ಯ ಇರುತ್ತದೆ.

ಆ ತಂಡದ ಹಿನ್ನೆಲೆ ನೋಡಿ. ಶಿವಾಜಿ ಸಾಟಮ್ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದುಕೊಂಡೇ ಮರಾಠಿ ರಂಗಭೂಮಿಗೆ ಬಂದವರು. ಅಭಿಜಿತ್ ಪಾತ್ರದ ಆದಿತ್ಯ ಶ್ರೀವಾಸ್ತವ ಅಲಹಾಬಾದಿನವರು, ಅಲ್ಲೂ ದೆಹಲಿಯಲ್ಲೂ ನಾಟಕ ಮಾಡಿದವರು. 1994ರ 'ಬ್ಯಾಂಡಿಟ್ ಕ್ವೀನ್'ನಲ್ಲಿ ಫೂಲನ್‌ಳ ಗಂಡ, 1998ರ 'ಸತ್ಯ'ದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್, ಮರುವರ್ಷ ಸಿಐಡಿ. ದಯಾನಂದ ಶೆಟ್ಟಿ ತುಳು ನಾಟಕದವರು. ಮೂರು ಊರು, ಮೂರು ಭಾಷೆ. ಕಲಿತದ್ದು ಮಾತ್ರ ಒಂದೇ ಕಡೆ, ರಂಗದ ಮೇಲೆ. ಇಷ್ಟು ವರ್ಷ ಈ ತಂಡ ಉಳಿಯಲು ಇದೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ. ನಾಟಕದವರಿಗೆ ಒಂದೇ ಪಾತ್ರವನ್ನು ನೂರು ಸಲ ಮಾಡಿದರೂ ಬೇಜಾರಾಗುವುದಿಲ್ಲ, ಎದುರಿನವರಿಗೆ ಜಾಗ ಬಿಡುವುದೂ ಗೊತ್ತಿರುತ್ತದೆ.

ಸಿಐಡಿಗೆ ಮುಂಚಿನ ದೂರದರ್ಶನದ ಪತ್ತೇದಾರರನ್ನು ನೆನೆದರೆ ವ್ಯತ್ಯಾಸ ಕಾಣುತ್ತದೆ. 1985ರ ಕರಮ್‌ಚಂದ್, 1993ರ ಬ್ಯೋಮಕೇಶ್ ಬಕ್ಷಿ, ಎರಡೂ ಒಬ್ಬ ಬುದ್ಧಿವಂತನ ಕತೆಗಳು. ಸಿಐಡಿಯಲ್ಲಿ ಕೇಸ್ ಬಿಡಿಸುವುದು ಒಬ್ಬರಲ್ಲ. ಒಬ್ಬರು ಸಂಶಯ ಪಡುತ್ತಾರೆ, ಒಬ್ಬರು ಓಡುತ್ತಾರೆ, ಇನ್ನೊಬ್ಬರು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡುತ್ತಾರೆ. ಆ ಲ್ಯಾಬ್‌ನ ಡಾಕ್ಟರ್ ಸಾಳುಂಕೆ ಆಗಿದ್ದವರು ನರೇಂದ್ರ ಗುಪ್ತಾ. ಡಾಕ್ಟರ್ ತಾರಿಕಾ ಆಗಿ ಬಂದವರು ಶ್ರದ್ಧಾ ಮುಸಳೆ.

ಎಲ್ಲರೂ ಉಳಿಯಲಿಲ್ಲ, ಅದೂ ಹೇಳಬೇಕು. ಶುರುವಿನಲ್ಲಿ ಇನ್‌ಸ್ಪೆಕ್ಟರ್ ವೀರೇಂದ್ರ ಆಗಿದ್ದವರು ಆಶುತೋಷ್ ಗೋವಾರಿಕರ್. ಅವರು ಹೊರಟು ಹೋಗಿ ಮಾಡಿದ್ದು 2001ರ 'ಲಗಾನ್'. ಇನ್‌ಸ್ಪೆಕ್ಟರ್ ವಿವೇಕ್ ಆಗಿದ್ದ ವಿವೇಕ್ ಮಶ್ರು ನಟನೆ ಬಿಟ್ಟು ಬೆಂಗಳೂರಿನ ವಿಶ್ವವಿದ್ಯಾಲಯವೊಂದನ್ನು ಸೇರಿಕೊಂಡರು.

ಬರಹಗಾರರ ವಿಷಯ ನನಗೆ ಇನ್ನೂ ಖುಷಿ ಕೊಡುತ್ತದೆ. ಸಿಐಡಿಗೆ ಕತೆ ಬರೆದವರಲ್ಲಿ ಶ್ರೀಧರ್ ರಾಘವನ್ ಮತ್ತು ಅವರ ಅಣ್ಣ ಶ್ರೀರಾಮ್ ರಾಘವನ್ ಇದ್ದರು. 'ದಿ ಡರ್ಟಿ ಪಿಕ್ಚರ್' ಬರೆದ ರಜತ್ ಅರೋರಾ ಕೂಡ ಇದ್ದರು. ಶ್ರೀರಾಮ್ 2007ರಲ್ಲಿ 'ಜಾನಿ ಗದ್ದಾರ್' ನಿರ್ದೇಶಿಸಿದಾಗ ನಮ್ಮ ದಯಾನಂದ ಶೆಟ್ಟಿಗೆ ಅದರಲ್ಲಿ ಶಿವಾ ಎಂಬ ಪಾತ್ರ ಕೊಟ್ಟರು. ಸಿಐಡಿಯಲ್ಲಿ ಇನ್‌ಸ್ಪೆಕ್ಟರ್ ಆಶಾ ಆಗಿದ್ದ ಅಶ್ವಿನಿ ಕಾಳಸೇಕರ್ ಆ ಚಿತ್ರದಲ್ಲೂ ಇದ್ದರು, ಮುಂದೆ 2018ರ 'ಅಂಧಾಧುನ್'ನಲ್ಲೂ ಇದ್ದರು. ಟಿವಿಯಲ್ಲಿ ಕಟ್ಟಿದ ನಂಟು ಸಿನಿಮಾದಲ್ಲೂ ಬಿಡಲಿಲ್ಲ. ಇನ್ನೊಬ್ಬರ ಹೆಸರು ಇಲ್ಲಿ ಬರಲೇಬೇಕು. ಎಲ್ಲರನ್ನೂ ನಗಿಸುತ್ತಿದ್ದ ಫ್ರೆಡರಿಕ್ಸ್, ಅಂದರೆ ದಿನೇಶ್ ಫಡ್ನಿಸ್, ಕೆಲವು ಕಂತುಗಳನ್ನು ತಾವೇ ಬರೆದವರು.

ಬಾಗಿಲಿನ ವಿಷಯಕ್ಕೆ ಬರೋಣ. "ದಯಾ, ದರ್‌ವಾಜಾ ತೋಡ್ ದೋ" ಎಂಬ ಮಾತು ಹಿಂದಿ ಬಾರದ ಅಜ್ಜಿಯರಿಗೂ ಬಾಯಿಪಾಠ. ಅದು ಎಷ್ಟು ಹಬ್ಬಿತೆಂದರೆ 2014ರ 'ಸಿಂಗಂ ರಿಟರ್ನ್ಸ್'ನಲ್ಲಿ ಅವರು ದಯಾ ಎಂಬ ಹೆಸರಿನ ಪೊಲೀಸ್ ಆಗಿಯೇ ಬಂದರು, ಅಲ್ಲೂ ಬಾಗಿಲು ಒಡೆದರು. ಆ ಚಿತ್ರದ ನಿರ್ದೇಶಕ ರೋಹಿತ್ ಶೆಟ್ಟಿ. ಅವರ ತಂದೆ ಎಂ. ಬಿ. ಶೆಟ್ಟಿ, ಕನ್ನಡ ಮತ್ತು ಹಿಂದಿ ಚಿತ್ರಗಳಲ್ಲಿ ಹೊಡೆದಾಟ ಮಾಡಿ ಹೆಸರಾದ ನಮ್ಮ ಕಡೆಯ ಫೈಟರ್ ಶೆಟ್ಟಿ. ಹೀಗೆ ನೋಡಿದರೆ ಮುಂಬೈಯ ಆ ಲೋಕದಲ್ಲಿ ಕರಾವಳಿಯವರು ಎಲ್ಲ ಮೂಲೆಯಲ್ಲೂ ಇದ್ದಾರೆ. ಕ್ಯಾಮೆರಾ ಎದುರು ಇರುವವರಷ್ಟೇ ನಮಗೆ ಗೊತ್ತು.

ಧಾರಾವಾಹಿ 2018ರ ಅಕ್ಟೋಬರ್ 27ಕ್ಕೆ ನಿಂತಿತು. ಆಗ 1547 ಕಂತು ಆಗಿತ್ತು. ಅದೇ ವರ್ಷ ಬಿ. ಪಿ. ಸಿಂಗ್ ತಾವು ಓದಿದ ಪುಣೆಯ ಇನ್‌ಸ್ಟಿಟ್ಯೂಟ್‌ಗೇ ಅಧ್ಯಕ್ಷರಾದರು. ಜನ ಮಾತ್ರ ಬಿಡಲಿಲ್ಲ. 2024ರ ಡಿಸೆಂಬರ್ 21ರಂದು ಸಿಐಡಿ ಮತ್ತೆ ಶುರುವಾಯಿತು. ಸಾಟಮ್, ಶ್ರೀವಾಸ್ತವ, ದಯಾನಂದ ಶೆಟ್ಟಿ, ಮೂವರೂ ವಾಪಸ್ ಬಂದರು. ದಿನೇಶ್ ಫಡ್ನಿಸ್ ಇರಲಿಲ್ಲ. ಅವರು ಹಿಂದಿನ ವರ್ಷ ಡಿಸೆಂಬರ್‌ನಲ್ಲಿ, 57ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಎಲ್ಲಿಂದ ನೋಡಲು ಶುರು ಮಾಡಲಿ ಅಂತ ಕೇಳಿದರೆ, ಮೊದಲು 'ದಿ ಇನ್ಹೆರಿಟೆನ್ಸ್' ಹುಡುಕಿ ನೋಡಿ. ಆಮೇಲೆ 1998ರ ಹಳೆಯ ಕಂತುಗಳನ್ನು ನೋಡಿ. ಆಗ ಒಂದು ಕೇಸ್ ಮುಗಿಯಲು ಕೆಲವು ವಾರ ಬೇಕಾಗುತ್ತಿತ್ತು, ಕತೆಗೆ ಉಸಿರಾಡಲು ಜಾಗ ಇತ್ತು. ಎಳೆಯ ದಯಾನಂದ ಶೆಟ್ಟಿಯನ್ನು ಅಲ್ಲಿ ನೋಡಿದರೆ, ಬಾಗಿಲು ಒಡೆಯುವ ಮೊದಲೇ ಅವರು ಎಂಥ ನಟ ಆಗಿದ್ದರು ಅಂತ ನಿಮಗೇ ಗೊತ್ತಾಗುತ್ತದೆ.