ಹೊರಗೆ ಹಾರಿದ ಕಿಡಿ ಒಳಗೆ ಯಾಕೆ ಹಾರಲಿಲ್ಲ?

ಮನೆಯಲ್ಲೇ ಪುಟ್ಟ ಪೆಟ್ರೋಲ್ ಎಂಜಿನ್ ಕಟ್ಟಲು ಹೊರಟವರಿಗೆ ಈ ಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು, ಚಕ್ರ ತಿರುಗಿಸುತ್ತೀರಿ. ಟಕ್ ಟಕ್ ಅಂತ ನೀಲಿ ಕಿಡಿ ಹಾರುತ್ತದೆ. ಖುಷಿಯೋ ಖುಷಿ! ಅದೇ ಪ್ಲಗ್ಗನ್ನು ಸಿಲಿಂಡರಿಗೆ ಕೂರಿಸಿ ತಿರುಗಿಸಿದರೆ ಮಾತ್ರ ಎಂಜಿನ್ ಜಪ್ಪಯ್ಯ ಅಂದರೂ ಹೊತ್ತಿಕೊಳ್ಳುವುದಿಲ್ಲ. ನನ್ನ ಮೊದಲ ಎಂಜಿನ್ನಿನಲ್ಲಿ ಆದದ್ದೂ ಇದೇ. ಪೆಟ್ರೋಲ್ ಸರಿ ಇಲ್ಲವೇನೋ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಕೈಕೊಟ್ಟಿತೇನೋ ಅಂತ ಎರಡು ದಿನ ಹುಡುಕಾಡಿದೆ. ತೊಂದರೆ ಇದ್ದದ್ದು ಆ ಚೆಂದದ ಕಿಡಿಯಲ್ಲೇ.

ಗಾಳಿ ಸುಮ್ನೆ ಕರೆಂಟನ್ನು ದಾಟಿಸುವುದಿಲ್ಲ. ಒಂದು ಮಿಲಿಮೀಟರ್ ಗಾಳಿಯನ್ನು ಸೀಳಿಕೊಂಡು ಹೋಗಲು ಸುಮಾರು 3,000 ವೋಲ್ಟ್ ಬೇಕು. ಪ್ಲಗ್ಗಿನ ತುದಿಯ ಗ್ಯಾಪ್ ಅರ್ಧ ಮಿಲಿಮೀಟರ್ ಇದ್ದರೆ ಎರಡು, ಎರಡೂವರೆ ಸಾವಿರ ವೋಲ್ಟಿಗೆ ಕಿಡಿ ಹಾರಿಬಿಡುತ್ತದೆ. ಆದರೆ ಅದು ಹೊರಗಿನ ಲೆಕ್ಕ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಬರುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಆರೇಳು ಪಟ್ಟು ಹಿಂಡಿಹೋಗಿರುತ್ತದೆ. ಕಣಗಳು ಒತ್ತೊತ್ತಾಗಿ ನಿಂತಿರುತ್ತವೆ. ಓಡಲು ಹೊರಟ ಎಲೆಕ್ಟ್ರಾನ್ ವೇಗ ಹಿಡಿಯುವ ಮೊದಲೇ ಯಾವುದೋ ಕಣಕ್ಕೆ ಗುದ್ದಿ ಸುಸ್ತಾಗುತ್ತದೆ. ಅದೇ ಅರ್ಧ ಮಿಲಿಮೀಟರ್ ದಾಟಲು ಈಗ ಹತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು. ಕಿಡಿಗೆ ಬೇಕಾದ ವೋಲ್ಟೇಜು ಒತ್ತಡ ಮತ್ತು ದೂರದ ಗುಣಲಬ್ಧವನ್ನು ಅವಲಂಬಿಸಿದೆ ಅಂತ ಜರ್ಮನಿಯ ಭೌತವಿಜ್ಞಾನಿ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿಕೊಟ್ಟಿದ್ದರು.

ಹಾಗಾಗಿ ನಾನೀಗ ಪ್ಲಗ್ಗಿನ ಕಿಡಿ ನೋಡಿ ನಂಬುವುದಿಲ್ಲ. ಎರಡು ಮೊಳೆಗಳನ್ನು ಮರದ ತುಂಡಿನ ಮೇಲೆ ಐದಾರು ಮಿಲಿಮೀಟರ್ ದೂರದಲ್ಲಿ ಎದುರುಬದುರು ಕೂರಿಸಿ, ಆ ಗ್ಯಾಪನ್ನು ಕಿಡಿ ದಾಟುತ್ತದಾ ನೋಡುತ್ತೇನೆ. ಪೆಟ್ರೋಲಿನಿಂದ ದೂರ, ಗಾಳಿಯಾಡುವ ಜಾಗದಲ್ಲೇ ಈ ಪರೀಕ್ಷೆ ಮಾಡಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಬರುವ ಆವಿ ಹೊತ್ತಿಕೊಳ್ಳಲೂ ಈ ಕಿಡಿ ಸಾಕು. ನಾನೇ ಕೈಯಾರೆ ಸುತ್ತಿದ್ದ ಆ ಮೊದಲ ಕಾಯಿಲಿನ, ಅಂದರೆ ವೋಲ್ಟೇಜು ಏರಿಸುವ ತಂತಿಸುರುಳಿಯ, ಕಿಡಿ ಮೂರು ಮಿಲಿಮೀಟರನ್ನೂ ದಾಟಲಿಲ್ಲ.

ಹಾಗಾದರೆ ಯಾವ ಕಿಡಿ ಆರಿಸಿಕೊಳ್ಳೋದು? ಮೊದಲು ಎಲ್ಲರ ಕಣ್ಣಿಗೆ ಬೀಳುವುದು ಗ್ಯಾಸ್ ಲೈಟರಿನಲ್ಲಿರುವ ಪೀಜೋ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಲೈಟರಿನೊಳಗೆ ಸ್ಪ್ರಿಂಗ್ ಕಟ್ಟಿದ ಪುಟ್ಟ ಸುತ್ತಿಗೆ ಇರುತ್ತದೆ. ಅದು ಹರಳಿಗೆ ಟಪ್ ಅಂತ ಹೊಡೆದಾಗ ಸಾವಿರಾರು ವೋಲ್ಟ್ ಬರುತ್ತದೆ. ಬ್ಯಾಟರಿ ಬೇಡ, ತಂತಿಯ ಗೋಜಲು ಬೇಡ. ಒಮ್ಮೆ ಹಚ್ಚಿದರೆ ಉರಿಯುತ್ತಲೇ ಇರುವ ಬರ್ನರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಂಜಿನ್ನಿಗೆ ಮಾತ್ರ ಬೇಡ. ನಿಮಿಷಕ್ಕೆ 3,000 ಸುತ್ತು ಹೊಡೆಯುವ ಫೋರ್ ಸ್ಟ್ರೋಕ್ ಎಂಜಿನ್ ಸೆಕೆಂಡಿಗೆ 25 ಕಿಡಿ ಕೇಳುತ್ತದೆ. ಆ ಸುತ್ತಿಗೆ ಎಷ್ಟು ಹೊತ್ತು ತಾಳೀತು?

ಶಕ್ತಿಯ ವಿಷಯವೂ ಇದೆ. ಸರಿಯಾದ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಆವಿಯನ್ನು ಹೊತ್ತಿಸಲು ಕಾಲು ಮಿಲಿಜೂಲ್ ಇದ್ದರೂ ಸಾಕು. ಹಾಗಿದ್ದೂ ಎಂಜಿನ್ನುಗಳಲ್ಲಿ 30, 50 ಮಿಲಿಜೂಲಿನ ಕಿಡಿ ಕೊಡುತ್ತಾರೆ. ಯಾಕೆಂದರೆ ಸಿಲಿಂಡರಿನೊಳಗೆ ಮಿಶ್ರಣ ಎಲ್ಲ ಕಡೆ ಒಂದೇ ಹದದಲ್ಲಿ ಇರುವುದಿಲ್ಲ. ತಣ್ಣಗಿರುವ ಪ್ಲಗ್ಗಿನ ಲೋಹವೂ ಆಗತಾನೇ ಹುಟ್ಟಿದ ಜ್ವಾಲೆಯ ಬಿಸಿಯನ್ನು ಹೀರಿಕೊಂಡುಬಿಡುತ್ತದೆ.

ನನಗೆ ಇಷ್ಟವಾದದ್ದು ಬ್ಯಾಟರಿ ಮತ್ತು ಕಾಯಿಲ್. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ವ್ಯವಸ್ಥೆ ಬರೋಬ್ಬರಿ ಒಂದು ಶತಮಾನ ಕಾರುಗಳನ್ನು ಓಡಿಸಿದೆ. ರಭಸವಾಗಿ ಹರಿಯುವ ನೀರಿನ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಪೈಪು ದಢ್ ಅನ್ನುತ್ತದೆ ಅಲ್ವಾ? ಇಲ್ಲಿ ಆಗುವುದೂ ಹಾಗೆಯೇ. 12 ವೋಲ್ಟ್ ಬ್ಯಾಟರಿಯಿಂದ ದಪ್ಪ ತಂತಿಯ ಸುರುಳಿಗೆ ಕರೆಂಟ್ ಹರಿಸಿ, ಒಮ್ಮೆಲೇ ಕತ್ತರಿಸುತ್ತೇವೆ. ಕುಸಿಯುವ ಕಾಂತಕ್ಷೇತ್ರ ಆ ಸುರುಳಿಯಲ್ಲೇ ನೂರಾರು ವೋಲ್ಟ್ ಎಬ್ಬಿಸುತ್ತದೆ. ಪಕ್ಕದಲ್ಲಿ ಸುಮಾರು ನೂರು ಪಟ್ಟು ಹೆಚ್ಚು ಸುತ್ತುಗಳಿರುವ ಸಣ್ಣ ತಂತಿಯ ಸುರುಳಿ ಅದನ್ನು ಇಪ್ಪತ್ತು ಸಾವಿರ ದಾಟಿಸುತ್ತದೆ. ಕಿಡಿ ಒಂದು ಮಿಲಿಸೆಕೆಂಡಿಗೂ ಜಾಸ್ತಿ ಉರಿಯುತ್ತದೆ. ಮಿಶ್ರಣ ಸ್ವಲ್ಪ ಹದ ತಪ್ಪಿದ್ದರೂ ಹೊತ್ತಿಸಿಬಿಡುತ್ತದೆ. ಮನೆಯಲ್ಲಿ ಮಾಡಿದ ಕಾರ್ಬುರೇಟರಿಗೆ ಇಂಥ ತಾಳ್ಮೆಯ ಕಿಡಿಯೇ ಬೇಕು.

ಬೈಕುಗಳಲ್ಲಿ ಕಾಣುವ ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ದಾರಿ ಬೇರೆ. ಅಲ್ಲಿ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರನ್ನು ಮುನ್ನೂರು ವೋಲ್ಟಿನಷ್ಟಕ್ಕೆ ತುಂಬಿಸಿ, ಒಂದೇ ಏಟಿಗೆ ಕಾಯಿಲಿಗೆ ಸುರಿಯುತ್ತಾರೆ. ಒಂದು ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಆಗ 45 ಮಿಲಿಜೂಲ್ ಇರುತ್ತದೆ. ವೋಲ್ಟೇಜು ಎಷ್ಟು ಬೇಗ ಏರುತ್ತದೆಂದರೆ ಮಸಿ ಹಿಡಿದ ಪ್ಲಗ್ಗಿನಲ್ಲೂ ಕಿಡಿ ಹಾರುತ್ತದೆ. ಆದರೆ ಆ ಕಿಡಿ ಕ್ಷಣಮಾತ್ರದ್ದು. ಜೊತೆಗೆ ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಗೊತ್ತಿಲ್ಲದೆ ಮುಟ್ಟಿದರೆ ಕೆಟ್ಟ ಶಾಕ್ ಹೊಡೆಯುತ್ತದೆ. ಅದನ್ನು ಬರಿದು ಮಾಡುವ ರೆಸಿಸ್ಟರ್ ಇಲ್ಲದ ಸಿಡಿಐ ಸರ್ಕ್ಯೂಟನ್ನು ದಯವಿಟ್ಟು ಕಟ್ಟಬೇಡಿ.

ಬ್ಯಾಟರಿಯೇ ಬೇಡ ಅನ್ನುವವರಿಗೆ, ತಿರುಗುವ ಅಯಸ್ಕಾಂತದಿಂದಲೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊ ಇದೆ. ರಾಬರ್ಟ್ ಬಾಷ್ ಅವರ ಕಂಪನಿಯಲ್ಲಿ ಗಾಟ್‌ಲೋಬ್ ಹೊನೋಲ್ಡ್ 1902ರ ಹೊತ್ತಿಗೆ ಹೈ ವೋಲ್ಟೇಜ್ ಮ್ಯಾಗ್ನೆಟೊವನ್ನು ಪಳಗಿಸಿದರು. ಎಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲಿನ ಅಯಸ್ಕಾಂತಕ್ಕೂ ಕಾಯಿಲಿನ ಕಾಲಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನಷ್ಟೇ ಜಾಗ ಬಿಡಬೇಕು. ಮೆಕ್ಯಾನಿಕ್‌ಗಳು ನಿಜವಾಗಿಯೂ ಕಾರ್ಡ್ ತೂರಿಸಿಯೇ ಹೊಂದಿಸುತ್ತಾರೆ. ಆದರೆ ಕೈಯಲ್ಲಿ ನಿಧಾನ ತಿರುಗಿಸಿದಾಗ ಇದರ ಕಿಡಿ ಸೊರಗಿರುತ್ತದೆ. ಇನ್ನೂ ಪಳಗದ ಎಂಜಿನ್ನಿಗೆ ಒಳ್ಳೆಯ ಕಿಡಿ ಬೇಕಾಗುವುದು ಆಗಲೇ.

ಇಷ್ಟರ ಮೇಲೆ ಟೈಮಿಂಗ್. ಜ್ವಾಲೆ ಸಿಲಿಂಡರನ್ನು ತುಂಬಲು ಸುಮಾರು ಎರಡು ಮಿಲಿಸೆಕೆಂಡ್ ಹಿಡಿಯುತ್ತದೆ. 3,000 ಸುತ್ತಿನ ವೇಗದಲ್ಲಿ ಅಷ್ಟು ಹೊತ್ತಿಗೆ ಚಕ್ರ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಇಪ್ಪತ್ತು, ಮೂವತ್ತು ಡಿಗ್ರಿ ಮೊದಲೇ ಕಿಡಿ ಬರಬೇಕು. ಸ್ಟಾರ್ಟ್ ಮಾಡುವಾಗ ಇಷ್ಟು ಬೇಗ ಬಂದರೆ ಚಕ್ರ ಉಲ್ಟಾ ಹೊಡೆದು ಮಣಿಕಟ್ಟು ಉಳುಕುತ್ತದೆ. ಫ್ಲೈವೀಲಿಗೆ ಗುಂಡಿಯಷ್ಟು ಅಯಸ್ಕಾಂತ ಅಂಟಿಸಿ, ಎದುರಿಗೆ ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರನ್ನು ಅತ್ತಿತ್ತ ಸರಿಸಬಹುದಾದ ತಗಡಿನ ಮೇಲೆ ಕೂರಿಸಿದರೆ ಎರಡಕ್ಕೂ ಹೊಂದಿಸಬಹುದು.

ನಾನು ಕೊನೆಗೆ ಮಾಡಿದ್ದು ಇದನ್ನೇ: ಹಾಲ್ ಸೆನ್ಸರ್, ಅದರ ಸೂಚನೆಯಂತೆ ಕರೆಂಟನ್ನು ಹರಿಸಿ ಕತ್ತರಿಸುವ ಒಂದು ಟ್ರಾನ್ಸಿಸ್ಟರ್, ಕಾಯಿಲ್. ಒಂದು ಎಚ್ಚರಿಕೆ ಮಾತ್ರ ಬೇಕು. ಚಕ್ರ ನಿಂತಾಗ ಅಯಸ್ಕಾಂತ ಸೆನ್ಸರಿನ ಎದುರೇ ನಿಂತುಬಿಟ್ಟರೆ ಕಾಯಿಲಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಹಾಗೆ ನನ್ನದೊಂದು ಕಾಯಿಲ್ ಮುಟ್ಟಲಾಗದಷ್ಟು ಕಾದು ಕರಿಮೇಣ ಸುರಿಸಿತು. ಆಮೇಲೆ ಸ್ವಿಚ್ಚಿನ ಪಕ್ಕ ಒಂದು ಕೆಂಪು ಎಲ್‌ಇಡಿ ಹಾಕಿದೆ. ಕಾಯಿಲಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಅದು ಉರಿಯುತ್ತದೆ. ಎಂಜಿನ್ ನಿಂತ ಮೇಲೂ ಕೆಂಪು ಕಂಡರೆ ಮೊದಲು ಸ್ವಿಚ್ ಆರಿಸುತ್ತೇನೆ.